ಕೊಡವೇ ಕುಗ್ಗುತ್ತಿದೆ: ಇರಾನಿನ ನೆಲದಡಿಯ ಲೆಕ್ಕ

ಅರ್ಧ ಟಿಎಂಸಿ ನೀರು ಅಂದರೆ ನಮ್ಮ ಕಡೆ ಸುದ್ದಿಯೇ ಅಲ್ಲ. ಕಾವೇರಿ ಜಗಳದಲ್ಲಿ ಅಷ್ಟನ್ನು ಆವಿಯಾಗುವ ಲೆಕ್ಕಕ್ಕೆ ಬರೆದುಬಿಡುತ್ತಾರೆ. 2025ರ ನವೆಂಬರ್ ಮೊದಲ ವಾರದಲ್ಲಿ ಟೆಹ್ರಾನಿಗೆ ಕುಡಿಯುವ ನೀರು ಕೊಡುವ ಅಮೀರ್ ಕಬೀರ್ ಅಣೆಕಟ್ಟಿನಲ್ಲಿ ಉಳಿದಿದ್ದದ್ದು ಅಷ್ಟೇ. 1.4 ಕೋಟಿ ಘನ ಮೀಟರ್, ಸಾಮರ್ಥ್ಯದ ಶೇ 8ರಷ್ಟು. ಈ ಅಣೆಕಟ್ಟಿನಿಂದ ಇನ್ನು ಎರಡು ವಾರ ಕೊಡಬಹುದು ಎಂದು ನಗರದ ನೀರು ಸರಬರಾಜು ಮುಖ್ಯಸ್ಥರು ಹೇಳಿದರು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅಧ್ಯಕ್ಷ ಮಸೂದ್ ಪೆಜೆಶ್ಕಿಯಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಳೆ ಬಾರದಿದ್ದರೆ ನೀರಿಗೆ ಪಡಿತರ, ಆಮೇಲೂ ಬಾರದಿದ್ದರೆ ಟೆಹ್ರಾನನ್ನು ಖಾಲಿ ಮಾಡಬೇಕಾಗುತ್ತದೆ ಎಂದರು. ಸುತ್ತಮುತ್ತಲ ಊರುಗಳನ್ನು ಸೇರಿಸಿದರೆ ಒಂದೂವರೆ ಕೋಟಿಯಷ್ಟು ಜನ ಇರುವ ರಾಜಧಾನಿ ಅದು.

ಜಗತ್ತಿನ ಪತ್ರಿಕೆಗಳು ಬಿರುಕುಬಿಟ್ಟ ಅಣೆಕಟ್ಟಿನ ಚಿತ್ರ ಹಾಕಿ 'ಐದನೇ ವರ್ಷದ ಬರ' ಎಂದು ಬರೆದವು. ಬರ ನಿಜ. ಹವಾಮಾನ ಬದಲಾಗಿ ಆಲ್ಬೋರ್ಜ್ ಬೆಟ್ಟಗಳ ಹಿಮ ಕಡಿಮೆಯಾಗಿರುವುದೂ ನಿಜ. ಆದರೆ ಅಣೆಕಟ್ಟು ಕಣ್ಣಿಗೆ ಕಾಣುವ ಪಾತ್ರೆ. ಬತ್ತಿದರೆ ಕಾಣುತ್ತದೆ, ಮಳೆ ಬಂದರೆ ಮತ್ತೆ ತುಂಬುತ್ತದೆ. ಇರಾನಿನಲ್ಲಿ ದೊಡ್ಡ ಪಾತ್ರೆ ಇರುವುದು ನೆಲದಡಿಯಲ್ಲಿ. ಅದು ಖಾಲಿಯಾಗುತ್ತಿರುವುದಷ್ಟೇ ಅಲ್ಲ, ಕುಗ್ಗುತ್ತಿದೆ. ಕುಗ್ಗಿದ್ದು ಯಾವ ಮಳೆಗೂ ಹಿಗ್ಗುವುದಿಲ್ಲ. ಕಳೆದ ಅರವತ್ತು ವರ್ಷಗಳಲ್ಲಿ ಆ ದೇಶದ ಪ್ರತಿಯೊಂದು ರಾಜಕೀಯ ಅವಸರದ ಬಿಲ್ಲನ್ನೂ ಕಟ್ಟಿದ್ದು ಈ ಪಾತ್ರೆಯಿಂದ. ಬರ ಅದನ್ನು ಬಯಲಿಗೆ ತಂದಿತು, ಅಷ್ಟೆ.

ಇರಾನಿನಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ 250 ಮಿ.ಮೀ. ಮುಟ್ಟುವುದೇ ಕಷ್ಟ. ನಮ್ಮ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಬೀಳುವುದರ ಸುಮಾರು ಅರ್ಧ. ಅದರಲ್ಲೂ ಬಹುಪಾಲು ಉತ್ತರದ ಕ್ಯಾಸ್ಪಿಯನ್ ಕರಾವಳಿಗೆ, ಪಶ್ಚಿಮದ ಝಾಗ್ರೋಸ್ ಬೆಟ್ಟಗಳಿಗೆ ಸೇರಿದ್ದು. ನಡುವಿನ ಯಜ್ದ್, ಕೆರ್ಮಾನ್ ಬಯಲುಗಳಿಗೆ ಮಳೆಯ ಎಂಜಲು ಮಾತ್ರ. ಇಂಥ ಕಡೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಊರು, ತೋಟ, ಸಂತೆ, ಸಾಮ್ರಾಜ್ಯ ಎಲ್ಲ ನಡೆದವು. ಹೇಗೆ ನಡೆದವು ಎನ್ನುವುದು ಗೊತ್ತಾದರೆ ಈಗ ಯಾಕೆ ನಡೆಯುತ್ತಿಲ್ಲ ಎನ್ನುವುದೂ ಗೊತ್ತಾಗುತ್ತದೆ.

ನಡೆಸಿದ್ದು ಕನಾತ್. ಬೆಟ್ಟದ ತಪ್ಪಲಲ್ಲಿ, ಹಿಮ ಕರಗಿ ಇಂಗಿದ ನೀರು ಸಿಗುವ ಜಾಗದಲ್ಲಿ ಒಂದು ಆಳವಾದ ಬಾವಿ ತೋಡುತ್ತಾರೆ. ಪರ್ಷಿಯನ್ನರು ಅದನ್ನು ಕರೆಯುವುದು ತಾಯಿಬಾವಿ ಎಂದೇ. ಅದರ ತಳದಿಂದ ಕೆಳಗಿನ ಊರಿನವರೆಗೆ ನೆಲದೊಳಗೇ ಒಂದು ಸುರಂಗ. ಇಳಿಜಾರು ಎಷ್ಟು ಸಣ್ಣದೆಂದರೆ ನೀರು ಹರಿಯಬೇಕು, ಆದರೆ ಸುರಂಗದ ಮಣ್ಣನ್ನು ಕೊರೆಯಬಾರದು. ಮಣ್ಣು ಎತ್ತಲಿಕ್ಕೂ ಗಾಳಿ ಆಡಲಿಕ್ಕೂ ದಾರಿಯುದ್ದಕ್ಕೂ ಸಾಲು ಬಾವಿಗಳು. ವಿಮಾನದಿಂದ ನೋಡಿದರೆ ಮರಳುಗಾಡಿನ ಮೇಲೆ ದೊಡ್ಡ ಇರುವೆಗಳು ಸಾಲಾಗಿ ಗೂಡು ಮಾಡಿದಂತೆ ಕಾಣುತ್ತದೆ. ಗೊನಾಬಾದ್‌ನ ಕನಾತ್ ಸುಮಾರು 33 ಕಿ.ಮೀ. ಉದ್ದ, ಅದರ ತಾಯಿಬಾವಿ ಸಾವಿರ ಅಡಿಯ ಆಸುಪಾಸಿನ ಆಳ. ಕೋಲಾರದಲ್ಲಿ ಬೋರ್ ಲಾರಿ ಕೊರೆಯುವ ಆಳಕ್ಕೆ ಆ ಕಾಲದವರು ಗುದ್ದಲಿ ಹಿಡಿದು ಇಳಿದಿದ್ದಾರೆ. ಇಂಥ 11 ಕನಾತ್‌ಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕೆಲಸಕ್ಕೆ ಮುಕನ್ನಿ ಎಂಬ ಕಸುಬುದಾರರಿದ್ದರು. ಒಳಗೆ ಗಾಳಿ ಇದೆಯೋ ಇಲ್ಲವೋ ಎಂದು ಎಣ್ಣೆ ದೀಪ ಹಿಡಿದು ನೋಡುತ್ತಿದ್ದರು. ದೀಪ ಮಂಕಾದರೆ ಮೇಲಕ್ಕೆ. ಮೈಮೇಲೆ ಬಿಳಿ ಬಟ್ಟೆ. ಸುರಂಗ ಕುಸಿದರೆ ಅದೇ ಶವವಸ್ತ್ರ ಎಂಬ ಲೆಕ್ಕ. ಊರಿಗೆ ಬಂದ ನೀರನ್ನು ಹಂಚಲು ಮೀರಾಬ್ ಇದ್ದ, ನಮ್ಮ ಕೆರೆಬಯಲಿನ ನೀರುಗಂಟಿ ಇದ್ದ ಹಾಗೆ. ಅವನ ಕೈಯಲ್ಲಿ ತಳದಲ್ಲಿ ತೂತು ಇರುವ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಬ್ಬನ ಪಾಳಿ. ನಮ್ಮಲ್ಲಿ ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲು ಅದೇ. ಅಲ್ಲಿ ಅದು ಜಗಳ ತಡೆಯುವ ಸಾಧನ.

ಕನಾತಿನ ಬಗ್ಗೆ ಬರೆಯುವವರೆಲ್ಲ ಅದರ ಎಂಜಿನಿಯರಿಂಗ್ ಹೊಗಳಿ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಅದರ ಅಸಹಾಯಕತೆ. ಕನಾತಿಗೆ ಎಳೆಯಲು ಬರುವುದಿಲ್ಲ. ನೆಲದಡಿಯ ನೀರಿನ ಮಟ್ಟ ಏರಿದರೆ ಹೆಚ್ಚು ಹರಿಯುತ್ತದೆ, ಇಳಿದರೆ ಕಡಿಮೆ ಹರಿಯುತ್ತದೆ. ಬರದ ವರ್ಷ ಊರೇ ತನ್ನ ಬಿತ್ತನೆ ತಗ್ಗಿಸಬೇಕು. ಬಡ್ಡಿ ಮಾತ್ರ ಕೈಗೆ ಬರುವ, ಅಸಲು ಮುಟ್ಟಲಾಗದ ಠೇವಣಿಯ ಹಾಗೆ. ಮೇಲಾಗಿ 'ಹರೀಂ' ಎಂಬ ಕಟ್ಟಳೆ ಇತ್ತು: ಒಬ್ಬರ ಕನಾತಿನ ಪಕ್ಕ ಇನ್ನೊಬ್ಬರು ತೋಡುವ ಹಾಗಿಲ್ಲ. ಹಳೆಯ ಧರ್ಮಶಾಸ್ತ್ರದ ಲೆಕ್ಕದಲ್ಲಿ ಸಡಿಲ ಮಣ್ಣಿನಲ್ಲಿ ಸಾವಿರ ಮೊಳ, ಗಟ್ಟಿ ನೆಲದಲ್ಲಿ ಐನೂರು ಮೊಳ ಅಂತರ. ಸಡಿಲ ಮಣ್ಣಿನಲ್ಲಿ ನೀರು ಬೇಗ ಸರಿಯುತ್ತದೆ, ಆದ್ದರಿಂದ ದೂರ ಹೆಚ್ಚು ಬೇಕು ಎನ್ನುವುದು ಮೀಟರು, ಮಾಪಕ ಇಲ್ಲದ ಕಾಲದಲ್ಲೇ ಅವರಿಗೆ ತಿಳಿದಿತ್ತು.

ಈ ವಿದ್ಯೆ ನಮಗೆ ಅಪರಿಚಿತವೂ ಅಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ (ಕನಾತಿನದೇ ಇನ್ನೊಂದು ಹೆಸರು) ಇದೆ, ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಇರಾನಿನ ಗಿಲಾನ್ ಪ್ರಾಂತದಿಂದ ಮಹಮೂದ್ ಗವಾನ್ ಬಂದು ನೆಲೆಸಿದ ಊರು ಅದು. ವಿದ್ವಾಂಸರು, ಕುಶಲಕರ್ಮಿಗಳು ಬಂದ ದಾರಿಯಲ್ಲೇ ನೀರಿನ ಈ ತಿಳಿವಳಿಕೆಯೂ ಬಂತು. ಪಶ್ಚಿಮಕ್ಕೆ ಹೋದರೆ ದಕ್ಷಿಣ ಕನ್ನಡ, ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಡ್ಡ ಕೊರೆದ ಸುರಂಗಗಳಿವೆ. ಅಡ್ಯನಡ್ಕದ ಬಳಿ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಸೋತು, ಮತ್ತೆ ತೋಡಿ ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕರಾವಳಿಯ ಸುರಂಗಕ್ಕೂ ಪರ್ಷಿಯಾಕ್ಕೂ ನಂಟಿದೆಯೋ ಇಲ್ಲವೋ ಎಂಬ ಚರ್ಚೆ ಬೇರೆ. ಗುಡ್ಡ ಕೊಟ್ಟಷ್ಟು ಮಾತ್ರ ತೆಗೆದುಕೊಳ್ಳುವುದು ಎರಡರಲ್ಲೂ ಒಂದೇ.

ಈ ಮಿತಿ ಮುರಿದದ್ದು ಹೇಗೆ? ಕೆಟ್ಟ ಉದ್ದೇಶದಿಂದಲ್ಲ, ಅದೇ ಈ ಕಥೆಯ ಕಷ್ಟ. 1960ರ ದಶಕದ ಆರಂಭದಲ್ಲಿ ಷಾ ಮೊಹಮ್ಮದ್ ರೆಜಾ ಪಹ್ಲವಿ 'ಶ್ವೇತ ಕ್ರಾಂತಿ'ಯ ಹೆಸರಿನಲ್ಲಿ ಭೂಸುಧಾರಣೆ ತಂದರು. ದೊಡ್ಡ ಜಮೀನ್ದಾರರ ಊರುಗಟ್ಟಲೆ ಭೂಮಿ ಗೇಣಿದಾರರಿಗೆ ಹಂಚಿಹೋಯಿತು. ಆಗಬೇಕಾದ ಕೆಲಸವೇ. ಆದರೆ ಕನಾತನ್ನು ವರ್ಷ ವರ್ಷ ಹೂಳೆತ್ತಿಸಿ, ಮುಕನ್ನಿಗಳಿಗೆ ಕೂಲಿ ಕೊಟ್ಟು ಉಳಿಸುತ್ತಿದ್ದದ್ದು ಆ ಜಮೀನ್ದಾರರ ಹಣ. ಭೂಮಿಯನ್ನು ಹಂಚಬಹುದು, 30 ಕಿ.ಮೀ. ಸುರಂಗವನ್ನು ಹಂಚಲಾಗುವುದಿಲ್ಲ. ಹೊಸ ಒಡೆಯರು ಬಡವರು, ಒಬ್ಬೊಬ್ಬರಾಗಿ ನಿಂತವರು. ಅದೇ ಹೊತ್ತಿಗೆ ಡೀಸೆಲ್ ಪಂಪು ಕೈಗೆಟುಕಿತು. ಊರೆಲ್ಲ ಸೇರಿ ಮಾಡಬೇಕಾದ ಕೆಲಸವನ್ನು ಒಬ್ಬನೇ ತನ್ನ ಹೊಲದಲ್ಲಿ ಒಂದು ವಾರದಲ್ಲಿ ಮಾಡಬಹುದಾದರೆ ಯಾರು ತಾನೇ ಬಿಡುತ್ತಾರೆ? ಪಂಪು ನೀರಿನ ಮಟ್ಟ ಇಳಿಸಿತು, ಮಟ್ಟ ಇಳಿದೊಡನೆ ಕನಾತು ಒಣಗಿತು, ಕನಾತು ಒಣಗಿದವರೂ ಪಂಪಿಗೆ ಬಂದರು. 1968ರಲ್ಲಿ ನೀರನ್ನು ರಾಷ್ಟ್ರೀಕರಣ ಮಾಡುವ ಕಾನೂನೂ ಬಂತು. ನೀರು ಸರಕಾರದ್ದಾಯಿತು, ಅಂದರೆ ಮೀರಾಬನ ಮಾತು ನಡೆಯುವುದು ನಿಂತಿತು. ಅವನ ಜಾಗಕ್ಕೆ ಬಂದ ಇಲಾಖೆಗೆ ಪ್ರತಿ ಬಾವಿಯ ಪಕ್ಕ ನಿಲ್ಲುವಷ್ಟು ಜನ ಎಲ್ಲಿಂದ ಬರಬೇಕು?

1979ರ ಕ್ರಾಂತಿ ಷಾನ ಎಲ್ಲವನ್ನೂ ತಿರಸ್ಕರಿಸಿತು, ಪಂಪೊಂದನ್ನು ಬಿಟ್ಟು. ಹೊಸ ಸಂವಿಧಾನದ ಗುರಿಗಳಲ್ಲೇ ಆಹಾರ ಸ್ವಾವಲಂಬನೆ ಸೇರಿತು. ಮರುವರ್ಷವೇ ಇರಾಕ್ ಜತೆ ಯುದ್ಧ, ಎಂಟು ವರ್ಷ. ಆಮೇಲೆ ಒಂದರ ಮೇಲೊಂದು ದಿಗ್ಬಂಧನ. ಹೊರಗಿನವರು ಯಾವ ದಿನ ಗೋಧಿ ಹಡಗು ನಿಲ್ಲಿಸುತ್ತಾರೋ ಎಂಬ ಭಯ ಇರುವ ದೇಶ ತನ್ನ ಗೋಧಿ ತಾನೇ ಬೆಳೆಯಬೇಕು ಅಂದುಕೊಂಡರೆ ಅದನ್ನು ದಡ್ಡತನ ಅನ್ನಲು ನನಗೆ ಬಾಯಿ ಬರುವುದಿಲ್ಲ. 1979ರಲ್ಲಿ ಸುಮಾರು 3.7 ಕೋಟಿ ಇದ್ದ ಜನಸಂಖ್ಯೆ ಈಗ 9 ಕೋಟಿಯ ಆಸುಪಾಸು, ಎಲ್ಲರ ತಟ್ಟೆಗೂ ರೊಟ್ಟಿ ಬೀಳಬೇಕಲ್ಲ. 2004ರಲ್ಲಿ ಗೋಧಿಯಲ್ಲಿ ಸ್ವಾವಲಂಬನೆ ಸಾಧಿಸಿದೆವೆಂದು ಸರಕಾರ ಸಂಭ್ರಮಿಸಿತು. ಆದರೆ ಒಂದು ಕಿಲೋ ಗೋಧಿಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 1,800 ಲೀಟರ್ ನೀರು ಬೇಕು, ಮಳೆ ಇಲ್ಲದ ಕಡೆ ಆ ನೀರು ನೆಲದಿಂದಲೇ ಬರಬೇಕು. ಮುತ್ತಿಗೆ ಬಿದ್ದಾಗ ತೆಗೆಯಬೇಕಾದ ಕಣಜವನ್ನು ಮುತ್ತಿಗೆಯ ಹೆದರಿಕೆಯಲ್ಲೇ ಖಾಲಿ ಮಾಡಿದ ಹಾಗಾಯಿತು. ಇಂದು ದೇಶದ ನೀರಿನಲ್ಲಿ ಶೇ 90ರಷ್ಟು ಹೋಗುವುದು ಕೃಷಿಗೆ. ಟೆಹ್ರಾನಿನ ಮನೆಗಳ ನಲ್ಲಿಗೆ ರಾತ್ರಿ ಒತ್ತಡ ಇಳಿಸಿ ಉಳಿಸುವ ನೀರು ಈ ಲೆಕ್ಕದಲ್ಲಿ ಚಿಟಿಕೆಯಷ್ಟು.

ಪಂಪಿಗೆ ಡೀಸೆಲ್ಲೂ ಕರೆಂಟೂ ಬಹುತೇಕ ಪುಕ್ಕಟೆ ದರದಲ್ಲಿ. ತೈಲದ ದೇಶದಲ್ಲಿ ಇದು ಆಶ್ಚರ್ಯವಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಡುವ ಕರ್ನಾಟಕದವರು ಇದನ್ನು ಓದಿ ನಗುವ ಹಾಗೂ ಇಲ್ಲ. ಇನ್ನೂರು ಅಡಿಯಿಂದ ಎತ್ತಿದರೂ ಸಾವಿರ ಅಡಿಯಿಂದ ಎತ್ತಿದರೂ ರೈತನಿಗೆ ಬೀಳುವ ಖರ್ಚಿನಲ್ಲಿ ವ್ಯತ್ಯಾಸ ಕಾಣದಿದ್ದರೆ ನೀರು ಆಳಕ್ಕೆ ಹೋಗುತ್ತಿದೆ ಎಂಬ ಎಚ್ಚರಿಕೆ ಅವನ ಜೇಬಿಗೆ ಮುಟ್ಟುವುದೇ ಇಲ್ಲ. ಕನಾತಿನಲ್ಲಿ ಹರಿವು ತಗ್ಗಿದ ಅದೇ ವಾರ ಊರಿಗೆಲ್ಲ ಗೊತ್ತಾಗುತ್ತಿತ್ತು.

ಕಾನೂನು ಏನು ಮಾಡಿತು? ಇರಾನ್ ತನ್ನ ನೆಲವನ್ನು 600ಕ್ಕೂ ಹೆಚ್ಚು ಬಯಲುಗಳಾಗಿ ಲೆಕ್ಕ ಹಾಕುತ್ತದೆ. ಅವುಗಳಲ್ಲಿ 400ಕ್ಕೂ ಹೆಚ್ಚು ಈಗ 'ನಿಷಿದ್ಧ' ಪಟ್ಟಿಯಲ್ಲಿವೆ, ಅಂದರೆ ಹೊಸ ಬಾವಿ ತೋಡುವಂತಿಲ್ಲ. ಪಟ್ಟಿ ಬೆಳೆದಂತೆ ಕಳ್ಳಬಾವಿಗಳೂ ಬೆಳೆದವು, ಲಕ್ಷಗಟ್ಟಲೆ. 2010ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ, ಕೆಲವು ವರ್ಷ ಮೊದಲೇ ಕೊರೆದಿದ್ದ ಪರವಾನಗಿಯಿಲ್ಲದ ಬಾವಿಗಳನ್ನು ಸಕ್ರಮ ಮಾಡಿಕೊಳ್ಳಲು ದಾರಿ ತೆರೆಯಿತು. ಅಕ್ರಮ–ಸಕ್ರಮ ಎಂಬ ಜೋಡಿಪದ ನಮಗೆ ವಿವರಿಸಬೇಕಾಗಿಲ್ಲ. ನಿಯಮ ಪಾಲಿಸಿ ಒಂದೇ ಬಾವಿಯಲ್ಲಿ ಉಳಿದ ರೈತ ಪೆದ್ದನಾದ. ಪಕ್ಕದವನು ಕದ್ದು ಕೊರೆದು ಕಾಗದ ಪಡೆದ, ಇವನ ಬಾವಿ ಬತ್ತಿತು.

ಇಲ್ಲಿ ಒಂದು ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 2002ರಲ್ಲಿ ಇರಾನಿನಲ್ಲಿ ನೆಲದಡಿಯ ನೀರು ತೆಗೆಯುವ ತಾಣಗಳು ಸುಮಾರು 5.46 ಲಕ್ಷ. 2015ರ ಹೊತ್ತಿಗೆ ಹತ್ತು ಲಕ್ಷ ದಾಟಿದವು. ಹೆಚ್ಚುಕಡಿಮೆ ಎರಡರಷ್ಟು. ಹಾಗಿದ್ದರೆ ತೆಗೆದ ನೀರೂ ಹೆಚ್ಚಿರಬೇಕಲ್ಲವೇ? ಇಲ್ಲ. ವರ್ಷಕ್ಕೆ ಸುಮಾರು 75 ಘನ ಕಿ.ಮೀ. ಇದ್ದದ್ದು 61ಕ್ಕೆ ಇಳಿಯಿತು, ಶೇ 18ರಷ್ಟು ಕಡಿಮೆ. ಯಾರೂ ಮಿತವ್ಯಯ ಕಲಿತದ್ದಲ್ಲ, ನೆಲವೇ ಕೈಯೆತ್ತಿತು. ಎಳನೀರಿನ ತಳದಲ್ಲಿ ನಾಲ್ಕು ಗುಟುಕು ಉಳಿದಾಗ ಎರಡು ಸ್ಟ್ರಾ ಇದ್ದರೇನು, ಹತ್ತು ಇದ್ದರೇನು? ಅದೇ ಅವಧಿಯಲ್ಲಿ, ಇಂಗಿದ್ದಕ್ಕಿಂತ ಹೆಚ್ಚಾಗಿ ತೆಗೆದು ಕಳೆದುಕೊಂಡ ನೀರು ಒಟ್ಟು ಸುಮಾರು 74 ಘನ ಕಿ.ಮೀ. ಎಂದು ಅಧ್ಯಯನಗಳು ಅಂದಾಜಿಸಿವೆ. ನಮ್ಮ ಅಳತೆಯಲ್ಲಿ 2,600 ಟಿಎಂಸಿ. ತುಂಬಿದ ಕೆಆರ್‌ಎಸ್ ಐವತ್ತಕ್ಕೂ ಹೆಚ್ಚು.

ಇನ್ನು ಕುಗ್ಗುವ ವಿಷಯ. ಇರಾನಿನ ಬಯಲುಗಳ ಅಡಿಯಲ್ಲಿ ಇರುವುದು ಬೆಟ್ಟದಿಂದ ಸಾವಿರಾರು ವರ್ಷ ಹರಿದುಬಂದು ಕೂತ ಮರಳು, ಜಲ್ಲಿ, ಜೇಡಿಮಣ್ಣಿನ ಪದರಗಳು. ಕಣಗಳ ನಡುವಿನ ಸಂದಿನಲ್ಲಿ ನೀರು ಇರುತ್ತದೆ, ಮೇಲಿನ ಭಾರದ ಒಂದು ಪಾಲನ್ನು ಆ ನೀರೇ ಹೊತ್ತಿರುತ್ತದೆ. ನೀರು ತೆಗೆದರೆ ಭಾರವೆಲ್ಲ ಮಣ್ಣಿನ ಮೇಲೆ ಬೀಳುತ್ತದೆ. ಮರಳು ಸ್ವಲ್ಪ ತಡೆದುಕೊಂಡೀತು. ಜೇಡಿಮಣ್ಣಿನ ಕಣಗಳು ಹಪ್ಪಳದಂತೆ ಚಪ್ಪಟೆ, ಒಮ್ಮೆ ಒಂದರ ಮೇಲೊಂದು ಒತ್ತಿಕೊಂಡು ಕೂತರೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಮೇಲಿನ ನೆಲ ಇಳಿಯುತ್ತದೆ, ನೀರು ನಿಲ್ಲುತ್ತಿದ್ದ ಸಂದು ಮುಚ್ಚಿಹೋಗುತ್ತದೆ. ಕೊಡದ ನೀರು ಖಾಲಿಯಾದರೆ ಮತ್ತೆ ತುಂಬಬಹುದು, ಕೊಡವೇ ಜಜ್ಜಿಹೋದರೆ? ಕೋಲಾರ, ಚಿಕ್ಕಬಳ್ಳಾಪುರದ ಸ್ಥಿತಿ ಇದಕ್ಕಿಂತ ಬೇರೆ. ನಮ್ಮದು ಗಟ್ಟಿ ಬಂಡೆ, ನೀರು ಬಿರುಕುಗಳಲ್ಲಿದೆ. ಇಲ್ಲಿ ಬೋರು ಬತ್ತುತ್ತದೆ, ನೆಲ ಹೀಗೆ ಕುಸಿಯುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು.

ಉಪಗ್ರಹಗಳ ರೇಡಾರ್ ಅಳತೆಗಳು ತೋರಿಸಿದಂತೆ ಟೆಹ್ರಾನಿನ ನೈರುತ್ಯದ ಬಯಲಿನಲ್ಲಿ ನೆಲ ವರ್ಷಕ್ಕೆ 25 ಸೆಂ.ಮೀ.ವರೆಗೂ ಇಳಿದಿದೆ. ಅಂದರೆ ನಾಲ್ಕು ವರ್ಷಕ್ಕೆ ಒಂದು ಮೀಟರ್. ಆಗ್ನೇಯದ ವರಾಮಿನ್ ಬಯಲಿನ ಹೊಲಗಳಲ್ಲಿ ಆಳು ಇಳಿಯುವಷ್ಟು ಬಿರುಕುಗಳು ಬಾಯಿ ಬಿಟ್ಟಿವೆ. ಇಮಾಮ್ ಖೊಮೇನಿ ವಿಮಾನ ನಿಲ್ದಾಣದ ಸುತ್ತಲ ನೆಲವೂ ಇಳಿಯುತ್ತಿದೆ. ಇಸ್ಫಹಾನಿನಲ್ಲಿ ಝಾಯಂದೆ ನದಿ ವರ್ಷದ ಬಹುಕಾಲ ಒಣಗಿರುತ್ತದೆ. ಅದರ ಮೇಲೆ ಹದಿನೇಳನೇ ಶತಮಾನದ ಆರಂಭದಲ್ಲಿ ಕಟ್ಟಿದ ಮೂವತ್ತಮೂರು ಕಮಾನಿನ ಸೇತುವೆಯ ಅಡಿಪಾಯಕ್ಕೆ ತೇವ ಬೇಕು, ತೇವವಿಲ್ಲ. ಪ್ರಾಚೀನ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್ ಬಳಿಯ ಮರ್ವ್‌ದಶ್ತ್ ಬಯಲಿನಲ್ಲಿ ಬಿರುಕುಗಳು ನಖ್ಷೆ ರುಸ್ತಮ್‌ನ ರಾಜಸಮಾಧಿಗಳತ್ತ ಸಾಗಿವೆ. ಅಲೆಕ್ಸಾಂಡರ್ ಬೆಂಕಿ ಹಚ್ಚಿದ ಮೇಲೂ ನಿಂತ ಕಂಬಗಳ ನೆರೆಗೆ ಈಗ ಬಂದಿರುವುದು ನೀರೆತ್ತುವ ಮೋಟಾರು.

ಎಲ್ಲಕ್ಕಿಂತ ವೇಗವಾಗಿ ಇಳಿಯುತ್ತಿರುವ ಜಾಗಗಳಲ್ಲಿ ಕೆರ್ಮಾನ್ ಪ್ರಾಂತದ ರಫ್ಸಂಜಾನ್ ಒಂದು. ಅಲ್ಲಿ ವರ್ಷಕ್ಕೆ 30 ಸೆಂ.ಮೀ.ಗೂ ಹೆಚ್ಚು. ಮಾಜಿ ಅಧ್ಯಕ್ಷ ರಫ್ಸಂಜಾನಿ ಅವರಿಗೆ ಹೆಸರು ಕೊಟ್ಟ ಈ ಸೀಮೆ ಪಿಸ್ತಾಕ್ಕೆ ಹೆಸರುವಾಸಿ. ದಿಗ್ಬಂಧನದ ನಡುವೆಯೂ ಡಾಲರ್ ತರುವ ಬೆಳೆ ಅದು. ಇಲ್ಲಿ 'ಹನಿ ನೀರಾವರಿ ಹಾಕಿ, ನೀರು ಉಳಿಸಿ' ಎಂಬ ಸುಲಭ ಪರಿಹಾರವೂ ಮುಗ್ಗರಿಸಿತು. ಹನಿ ನೀರಾವರಿಯಲ್ಲಿ ಉಳಿದ ನೀರು ನೆಲದಲ್ಲೇ ಉಳಿಯಲಿಲ್ಲ, ಇನ್ನಷ್ಟು ಗಿಡ ನೆಡಲು ಹೋಯಿತು. ಮೊದಲು ಕಾಲುವೆಯಲ್ಲಿ ಹರಿಸುವಾಗ ಅಷ್ಟಿಷ್ಟು ಮರಳಿ ಇಂಗುತ್ತಿತ್ತು, ಅದೂ ನಿಂತಿತು. ತೋಟದ ಲೆಕ್ಕದಲ್ಲಿ ಉಳಿತಾಯ, ಬಯಲಿನ ಲೆಕ್ಕದಲ್ಲಿ ನಷ್ಟ. ಆಳಕ್ಕೆ ಹೋದಷ್ಟೂ ನೀರು ಉಪ್ಪಾಯಿತು. ತೋಟಗಳು ನಿಂತಲ್ಲೇ ಒಣಗಿದವು.

ಅಣೆಕಟ್ಟು ಕಟ್ಟುವುದು, ಒಂದು ಪ್ರಾಂತದ ನೀರನ್ನು ಇನ್ನೊಂದಕ್ಕೆ ಒಯ್ಯುವುದು ಇವೆಲ್ಲ ಆದವು. ಕಾರೂನ್ ನದಿಯ ಗೊತ್ವಂದ್ ಅಣೆಕಟ್ಟಿನ ಜಲಾಶಯದೊಳಗೆ ಉಪ್ಪಿನ ಪದರಗಳಿದ್ದವು. 2011ರಲ್ಲಿ ನೀರು ತುಂಬಿಸಿದಾಗ ಉಪ್ಪು ಕರಗಿ ಕೆಳಗಿನ ಖುಜೆಸ್ತಾನದ ಹೊಲಗಳಿಗೆ ಹೋಯಿತು. ಸಲಹೆಗಾರರು, ಗುತ್ತಿಗೆದಾರರು, ಕ್ರಾಂತಿ ಪಡೆಯ (ರೆವಲ್ಯೂಷನರಿ ಗಾರ್ಡ್) ನಿರ್ಮಾಣ ಸಂಸ್ಥೆಗಳು ಸೇರಿದ ಈ ಕೂಟಕ್ಕೆ ಇರಾನಿನ ಜನರೇ ಇಟ್ಟ ಹೆಸರು ನೀರಿನ ಮಾಫಿಯಾ. ಇಸ್ಫಹಾನಿನ ರೈತರು ತಮ್ಮ ನದಿಯ ನೀರನ್ನು ಯಜ್ದ್‌ಗೆ ಒಯ್ಯುವ ಪೈಪ್‌ಲೈನನ್ನು ಒಡೆದದ್ದು ಒಂದು ಸಲವಲ್ಲ. 2021ರ ಜುಲೈಯಲ್ಲಿ ಖುಜೆಸ್ತಾನದಲ್ಲಿ, ನವೆಂಬರಿನಲ್ಲಿ ಇಸ್ಫಹಾನಿನ ಒಣ ನದಿಪಾತ್ರದಲ್ಲಿ ಸಾವಿರಾರು ಜನ ನೀರಿಗಾಗಿ ಸೇರಿದರು. ಎರಡೂ ಕಡೆ ಸರಕಾರ ಕೊನೆಗೆ ಪೊಲೀಸರನ್ನು ಕಳಿಸಿತು.

ಹೇಳುವವರು ಹೇಳಿದ್ದರು. ಹಿಂದೆ ಕೃಷಿ ಸಚಿವರಾಗಿದ್ದ ಈಸಾ ಕಲಾಂತರಿ 2015ರಲ್ಲಿ, ಹೀಗೇ ನಡೆದರೆ ಐದು ಕೋಟಿ ಇರಾನಿಯರು ದೇಶ ಬಿಡಬೇಕಾಗುತ್ತದೆ ಎಂದರು. ಸ್ವಾವಲಂಬನೆಯ ನೀತಿಯನ್ನು ನಡೆಸಿದವರಲ್ಲಿ ಒಬ್ಬರ ಬಾಯಿಂದ ಬಂದ ಮಾತು ಎಂಬುದಕ್ಕೇ ಅದಕ್ಕೆ ತೂಕ. ವಿದೇಶದಲ್ಲಿದ್ದ ಜಲತಜ್ಞ ಕಾವೆ ಮದನಿ 2017ರಲ್ಲಿ ಪರಿಸರ ಇಲಾಖೆಯ ಉಪಮುಖ್ಯಸ್ಥರಾಗಿ ಮರಳಿದರು. ಇದು ಬರವೂ ಅಲ್ಲ ಬಿಕ್ಕಟ್ಟೂ ಅಲ್ಲ, 'ನೀರಿನ ದಿವಾಳಿತನ' ಎನ್ನುವುದು ಅವರ ವಾದ. ಬಿಕ್ಕಟ್ಟು ಅಂದರೆ ಮುಗಿಯುತ್ತದೆ, ಹಳೆಯ ಸ್ಥಿತಿಗೆ ಮರಳುತ್ತೇವೆ ಎಂಬ ಅರ್ಥವಿದೆ. ದಿವಾಳಿಯಾದವನು ಮೊದಲು ಮಾಡಬೇಕಾದ್ದು ಹಳೆಯ ಜೀವನಕ್ರಮ ಇನ್ನು ಸಾಧ್ಯವಿಲ್ಲ ಎಂದು ಒಪ್ಪುವುದು. 2018ರಲ್ಲಿ ಪರಿಸರ ಕಾರ್ಯಕರ್ತರ ಬಂಧನಗಳು ಶುರುವಾದವು, ಮದನಿ ಕೆಲವೇ ತಿಂಗಳಲ್ಲಿ ಮತ್ತೆ ದೇಶ ಬಿಟ್ಟರು.

ಅವರ ಮಾತು ಒಪ್ಪಿದರೆ ಮುಂದಿನ ಹೆಜ್ಜೆ ಕಷ್ಟವಾದರೂ ಗೂಢವೇನಲ್ಲ: ನೀರಾವರಿ ಹೊಲವನ್ನೇ ಕಡಿಮೆ ಮಾಡುವುದು, ಪಂಪು ಬಿಡುವ ರೈತನಿಗೆ ಬೇರೆ ದುಡಿಮೆ ಕೊಡುವುದು, ನೀರು ಹೆಚ್ಚು ಬೇಡುವ ಧಾನ್ಯವನ್ನು ಹೊರಗಿನಿಂದ ತರಿಸುವುದು. ದುಡಿಮೆ ಕೊಡಲು ಕಾರ್ಖಾನೆ ಬೇಕು, ಕಾರ್ಖಾನೆಗೆ ಬಂಡವಾಳ ಬೇಕು, ಧಾನ್ಯ ತರಿಸಲು ಡಾಲರೂ ನಂಬಿಕೆಯ ನೆರೆಹೊರೆಯೂ ಬೇಕು. ದಿಗ್ಬಂಧನದಲ್ಲಿರುವ ದೇಶಕ್ಕೆ ಈ ಯಾವುದೂ ಸುಲಭವಲ್ಲ. ಆದ್ದರಿಂದ ಅಲ್ಲಿ ನೀರಿನ ಪ್ರಶ್ನೆ ನೀರಾವರಿ ಇಲಾಖೆಯಲ್ಲಿ ಬಗೆಹರಿಯುವಂಥದ್ದಲ್ಲ, ವಿದೇಶಾಂಗ ಇಲಾಖೆಯ ಮೇಜಿನ ಮೇಲಿರುವಂಥದ್ದು.

ಸರಕಾರದ ಬಾಯಲ್ಲಿ ಸದ್ಯ ಇರುವ ದೊಡ್ಡ ಯೋಜನೆ ರಾಜಧಾನಿ ಬದಲಾವಣೆ. ಒಮಾನ್ ಕೊಲ್ಲಿಯ ಮಕ್ರಾನ್ ಕರಾವಳಿಯ ಹೆಸರು 2025ರ ಆರಂಭದಲ್ಲೇ ಕೇಳಿಬಂತು, ಸಮುದ್ರದ ನೀರನ್ನು ಸಿಹಿ ಮಾಡಿಕೊಳ್ಳಬಹುದು ಎಂಬ ಭರವಸೆಯ ಜತೆ. ಇರಾನಿಗೆ ಇದು ಹೊಸದಲ್ಲ. ಕಜ್ವಿನ್, ಇಸ್ಫಹಾನ್, ಶೀರಾಜ್ ಎಲ್ಲ ಒಂದೊಂದು ಕಾಲದಲ್ಲಿ ರಾಜಧಾನಿಗಳಾಗಿದ್ದವು, ಟೆಹ್ರಾನ್ ಆ ಪಟ್ಟಕ್ಕೆ ಬಂದದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ. ಕಡತ, ಕಚೇರಿ, ಮಂತ್ರಿಗಳು ಹೋಗಬಹುದು. ವರಾಮಿನ್ ಬಯಲಿನ ಪಂಪುಗಳು ಹೋಗುವುದಿಲ್ಲ.